ಸೈಕಲ್ಲಿನ ಚೌಕಟ್ಟೂ ಸವಾರಿಯ ಸುಖವೂ



ಕಳೆದ ತಿಂಗಳ ಒಂದು ರವಿವಾರ ನಮ್ಮ ವಾಚನಾಲಯದ ಬಾಗಿಲು ತೆರೆದು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುತ್ತಿದ್ದೆವು. ಗೆಳೆಯರೊಬ್ಬರು ಒಳಗೆ ಬಂದು, ನಡುವಿನ ಮೇಲೆ ಕೈಯಿಟ್ಟುಕೊಂಡೇ ಬೆಂಚಿನ ಮೇಲೆ ಕುಳಿತರು. ಇವರು ಇಂಡಿ ತಾಲೂಕಿನವರು; ಇಲ್ಲಿ ಸೊಲ್ಲಾಪುರದಲ್ಲಿ ಟವೆಲ್ಲು ನೇಯುವ ಕಾರಖಾನೆಯೊಂದರ ಪ್ಯಾಕಿಂಗ್ ಖಾತೆಯಲ್ಲಿ ಕಾರಕೂನರು. ಮನೆಯಿಂದ ಕಾರಖಾನೆಗೆ ಹೋಗಿ ಬರಲು ದಿನಕ್ಕೆ ಇಪ್ಪತ್ತೆರಡು ಕಿಲೋಮೀಟರು. ಅಷ್ಟನ್ನೂ ಅವರು ಸೈಕಲ್ಲಿನ ಮೇಲೆಯೇ ಕ್ರಮಿಸುತ್ತಾರೆ. ಸೈಕಲ್ಲು ಬಾಗಿದ ಹ್ಯಾಂಡಲಿನ, ತೆಳುವಾದ ಟೈರಿನ, ಉಕ್ಕಿನ ಚೌಕಟ್ಟಿನ ರೇಸಿಂಗ್ ಬಗೆಯದು. ಸೆಕೆಂಡ್ ಹ್ಯಾಂಡ್ ಕೊಂಡದ್ದು.

“ಅಣ್ಣಾರ, ನಡ ಬಾಳ ತ್ರಾಸ ಕೊಡಾಕತ್ತೈತ್ರಿ. ಉಕ್ಕಿನ ಸೈಕಲ್ ಬಿಟ್ಟು ಕಾರ್ಬನ್ನಿಂದು ತಗೊಂಡ್ರ ರಸ್ತೆದ್ದು ಧಕ್ಕಿ ಮೈಗೆ ಹತ್ತೂದಿಲ್ಲ ಅಂತಾರ. ಖರೇ ಏನ್ರಿ?” ಎಂದು ಕೇಳಿದರು.

ವಿಚಾರಿಸಲಾಗಿ, ಯಾರೋ ಒಬ್ಬರು ತಾವು ಬಳಸಿದ ಕಾರ್ಬನ್ ಸೈಕಲ್ಲನ್ನು ನಲವತ್ತು ಸಾವಿರಕ್ಕೆ ಕೊಡುವುದಾಗಿ ಹೇಳಿದ್ದಾರೆಂದು ತಿಳಿಯಿತು. ನಮ್ಮ ಗೆಳೆಯರು ಅದೇ ತಾನೆ ಭಿಶಿ ಎತ್ತಿದ್ದರು. ಆ ಹಣ ಊರಿನ ಮನೆಯ ಸೋರುವ ಮಾಳಿಗೆಗೆಂದು ತೆಗೆದಿಟ್ಟದ್ದು. ಮಳೆಗಾಲಕ್ಕೆ ಇನ್ನೂ ಎರಡು ತಿಂಗಳು ಉಂಟು. ಅಷ್ಟರೊಳಗೆ ಹೇಗಾದರೂ ಕೂಡಿಸಿದರಾಯಿತೆಂದು ಅವರ ಎಣಿಕೆ. “ಒಂದು ವಾರ ತಡೀರಿ, ರೊಕ್ಕಾ ಕೊಡಬ್ಯಾಡ್ರಿ” ಎಂದು ಹೇಳಿ ಕಳುಹಿಸಿದೆವು.

ನಾವು ಇಂಜಿನಿಯರರಲ್ಲ. ಗಿರಣಿಯ ಕಛೇರಿಯಲ್ಲಿ ಲೆಕ್ಕ ಬರೆಯುವವರು, ಮೆಟ್ರಿಕ್ಕಿನ ತನಕ ಓದಿದವರು. ಆದರೆ ಹದಿನೈದು ವರ್ಷಗಳಿಂದ ಸೈಕಲ್ಲು ತುಳಿಯುತ್ತಿದ್ದೇವೆ, ಒಮ್ಮೆ ಅದೇ ಕಾರಣದಿಂದ ಕೈ ಮುರಿದುಕೊಂಡಿದ್ದೇವೆ, ಆಮೇಲೆ ಈ ವಿಷಯವನ್ನು ಸಾಕಷ್ಟು ಓದಿದ್ದೇವೆ. ಗೆಳೆಯರ ಪ್ರಶ್ನೆಗೆ ಕೊಟ್ಟ ಉತ್ತರ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಸುಖವೆಂದರೆ ಯಾವುದು?

ಸೈಕಲ್ಲಿನ ಚೌಕಟ್ಟುಗಳನ್ನು ಇಂದು ಮುಖ್ಯವಾಗಿ ನಾಲ್ಕು ವಸ್ತುಗಳಿಂದ ಮಾಡುತ್ತಾರೆ: ಉಕ್ಕು, ಅಲ್ಯುಮಿನಿಯಂ, ಟೈಟಾನಿಯಂ ಮತ್ತು ಕಾರ್ಬನ್. ಅಂಗಡಿಯಲ್ಲಿ ಅಲ್ಯುಮಿನಿಯಮ್ಮಿಗೆ “ಅಲಾಯ್” ಎನ್ನುವುದು ರೂಢಿ. ಉಕ್ಕು ಮೆತ್ತಗೆ ಓಡುತ್ತದೆ, ಅಲಾಯ್ ಕಲ್ಲಿನಂತೆ ಬಡಿಯುತ್ತದೆ, ಟೈಟಾನಿಯಂ ರೇಶಿಮೆಯಂತೆ, ಕಾರ್ಬನ್ ಧಕ್ಕೆಯನ್ನು ನುಂಗಿಬಿಡುತ್ತದೆ, ಎಂಬ ಮಾತು ಎಲ್ಲ ಕಡೆಗೂ ಕೇಳಿಬರುತ್ತದೆ. ಈ ಮಾತಿನಲ್ಲಿ ನಿಜವೆಷ್ಟು, ಬರಿಯ ವಾಡಿಕೆಯೆಷ್ಟು ಎಂಬುದನ್ನು ನೋಡೋಣ.

ಸವಾರನಿಗೆ ಚೌಕಟ್ಟಿನಿಂದ ಎರಡು ಬಗೆಯ ಅನುಭವ ಬರುತ್ತದೆ. ಒಂದು, ಕೆಳಗಿನಿಂದ ಮೇಲಕ್ಕೆ ಬರುವ ರಸ್ತೆಯ ಧಕ್ಕೆ. ಇನ್ನೊಂದು, ಪೆಡಲನ್ನು ಬಲವಾಗಿ ತುಳಿದಾಗ ಚೌಕಟ್ಟು ಎಡಕ್ಕೆ ಬಲಕ್ಕೆ ಅಷ್ಟಿಷ್ಟು ಬಳುಕುವುದು. ಜನರು ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಬಳುಕುವ ಸೈಕಲ್ಲನ್ನು ಮೆತ್ತಗಿನ ಸೈಕಲ್ಲೆಂದೂ, ಬಳುಕದ ಸೈಕಲ್ಲನ್ನು ಬಡಿಯುವ ಸೈಕಲ್ಲೆಂದೂ ತಿಳಿದುಬಿಡುತ್ತಾರೆ. ಆದರೆ ನಡುವು ನೋಯಿಸುವುದು ಮೊದಲನೆಯದು; ಎರಡನೆಯದು ಅಲ್ಲ. ಆದುದರಿಂದ ಮೊದಲನೆಯದನ್ನೇ ಹಿಡಿದು ವಿಚಾರಿಸಬೇಕು.

ಗಾಳಿ ತಂದ ಸುಖ

೧೮೬೦ರ ದಶಕದಲ್ಲಿ ಯುರೋಪಿನಲ್ಲಿ ಪೆಡಲಿನ ಸೈಕಲ್ಲು ಮೊದಲು ಓಡಾಡತೊಡಗಿದಾಗ ಅದರ ಗಾಲಿಗಳು ಮರದವು, ಅವುಗಳ ಸುತ್ತ ಕಬ್ಬಿಣದ ಪಟ್ಟಿ. ನಮ್ಮ ಚಕ್ಕಡಿಯ ಗಾಲಿಯಂತೆಯೇ. ಕಲ್ಲು ಹಾಸಿದ ಬೀದಿಗಳಲ್ಲಿ ಅದನ್ನು ಓಡಿಸಿದ ಇಂಗ್ಲಿಷರು ಅದಕ್ಕೆ ಎಲುಬು ಅಲುಗಿಸುವ ಗಾಡಿ ಎಂದೇ ಅಡ್ಡಹೆಸರಿಟ್ಟರು. ೧೮೮೫ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯವರು ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆಯ, ಸರಪಳಿಯಿಂದ ಹಿಂದಿನ ಗಾಲಿ ತಿರುಗುವ ರೋವರ್ ಸೈಕಲ್ಲನ್ನು ಹೊರತಂದರು. ಇಂದಿನ ಸೈಕಲ್ಲಿನ ಆಕಾರ ಅಲ್ಲಿಂದ ಬಂದುದು. ಆದರೂ ಅದರ ಟೈರು ಗಟ್ಟಿ ರಬ್ಬರಿನದಾಗಿತ್ತು, ಧಕ್ಕೆ ತಪ್ಪಿರಲಿಲ್ಲ.

ಅದನ್ನು ತಪ್ಪಿಸಿದವರು ಬೆಲ್‌ಫಾಸ್ಟ್ ನಗರದಲ್ಲಿ ದನಕರುಗಳ ವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್. ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಸುತ್ತಿ ನೋಡಿ, ೧೮೮೮ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮರುವರ್ಷವೇ, ೧೮೮೯ರಲ್ಲಿ, ವಿಲಿಯಂ ಹ್ಯೂಮ್ ಎಂಬ ಸವಾರನು ಗಾಳಿಯ ಟೈರಿನ ಸೈಕಲ್ಲಿನ ಮೇಲೆ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ಗೆದ್ದು ಬಂದನು. ಅಂದರೆ ಮೆತ್ತಗಿನ ಟೈರು ಸುಖವನ್ನಷ್ಟೇ ಅಲ್ಲ, ವೇಗವನ್ನೂ ತಂದಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ತ್ರಿಕೋನದ ಹಟ

ಮೂರು ಕಡ್ಡಿಗಳನ್ನು ತುದಿಗಳಲ್ಲಿ ದಾರದಿಂದ ಕಟ್ಟಿ ತ್ರಿಕೋನ ಮಾಡಿರಿ. ಮೂಲೆ ಹಿಡಿದು ಒತ್ತಿದರೆ ಅದು ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಗಳ ಚೌಕವಾದರೆ ಒತ್ತಿದೊಡನೆ ವಾಲಿಬಿಡುತ್ತದೆ. ಗಿರಣಿಯ ತಗಡಿನ ಛಾವಣಿಯನ್ನು ಹೊತ್ತ ಕಬ್ಬಿಣದ ಕಟ್ಟಡವನ್ನು ತಲೆಯೆತ್ತಿ ನೋಡಿದರೆ ಅದೆಲ್ಲ ತ್ರಿಕೋನಗಳೇ ಎಂಬುದು ಕಾಣುತ್ತದೆ. ಸೈಕಲ್ಲಿನ ಚೌಕಟ್ಟೂ ಹಾಗೆಯೇ. ಸೀಟಿನಿಂದ ಹಿಂದಿನ ಗಾಲಿಯವರೆಗಿನದು ತ್ರಿಕೋನ. ಮುಂದಿನದು ಹೆಚ್ಚುಕಡಿಮೆ ತ್ರಿಕೋನ.

ಆದುದರಿಂದ ಯಾವ ವಸ್ತುವಿನಿಂದ ಮಾಡಿದರೂ ಚೌಕಟ್ಟು ಕೆಳಮೇಲಾಗಿ ಕುಗ್ಗುವುದು ತೀರ ಕಡಿಮೆ, ಒಂದು ಮಿಲಿಮೀಟರಿನ ಆಸುಪಾಸು. ಅದೇ ಧಕ್ಕೆಗೆ ಗಾಳಿಯ ಟೈರು ಹಲವು ಮಿಲಿಮೀಟರು ಕುಗ್ಗುತ್ತದೆ. ಸ್ಪ್ರಿಂಗಿನ ಸೀಟಾದರೆ ಇನ್ನೂ ಹೆಚ್ಚು. ಹತ್ತಿಯ ದಪ್ಪ ಗಾದಿಯನ್ನು ಒಂದು ದಿನ ಶಹಾಬಾದ್ ಫರಸಿಯ ಮೇಲೂ ಮರುದಿನ ಸಾಗವಾನಿಯ ಮಂಚದ ಮೇಲೂ ಹಾಸಿ ಮಲಗಿದರೆ ಬೆನ್ನಿಗೆ ಏನು ವ್ಯತ್ಯಾಸ ತಿಳಿದೀತು? ಸೈಕಲ್ಲಿನಲ್ಲಿ ಟೈರೇ ಗಾದಿ. ಚೌಕಟ್ಟು ಅದರ ಕೆಳಗಿನ ಫರಸಿ ಅಥವಾ ಮಂಚ.

ಮೂರು ಲೋಹಗಳ ಲೆಕ್ಕ

ಹಾಗಾದರೆ ಲೋಹಗಳ ನಡುವೆ ಭೇದವೇ ಇಲ್ಲವೆ? ಉಂಟು. ಆದರೆ ಅದು ಜನರು ತಿಳಿದಂತೆ ಅಲ್ಲ.

ಒಂದು ಘನ ಸೆಂಟಿಮೀಟರು ಉಕ್ಕು ಸುಮಾರು ೭.೮ ಗ್ರಾಂ ತೂಗುತ್ತದೆ, ಟೈಟಾನಿಯಂ ೪.೫ ಗ್ರಾಂ, ಅಲ್ಯುಮಿನಿಯಂ ೨.೭ ಗ್ರಾಂ. ಇನ್ನು ಬಾಗದೆ ನಿಲ್ಲುವ ಬಿಗುವು. ಒಂದೇ ಅಳತೆಯ ಮೂರು ಸಲಾಕೆಗಳನ್ನು ಬಗ್ಗಿಸಲು ನೋಡಿದರೆ, ಉಕ್ಕಿನ ಬಿಗುವನ್ನು ೨೦೦ ಎಂದಿಟ್ಟುಕೊಂಡಲ್ಲಿ ಟೈಟಾನಿಯಮ್ಮಿನದು ೧೧೦, ಅಲ್ಯುಮಿನಿಯಮ್ಮಿನದು ೭೦. ಈಗ ಬಿಗುವನ್ನು ತೂಕದಿಂದ ಭಾಗಿಸಿ ನೋಡಿರಿ. ಮೂರಕ್ಕೂ ಇಪ್ಪತ್ತೈದರ ಆಸುಪಾಸಿನ ಸಂಖ್ಯೆಯೇ ಬರುತ್ತದೆ! ಅಂದರೆ ತೂಕಕ್ಕೆ ತಕ್ಕ ಬಿಗುವು ಮೂರರಲ್ಲಿಯೂ ಹೆಚ್ಚುಕಡಿಮೆ ಸಮ. ಹಗುರಾದ ಲೋಹ ಅಷ್ಟೇ ಮೆದು. ಗಟ್ಟಿಯಾದುದು ಅಷ್ಟೇ ಭಾರ.

ಹೀಗಿರಲು ಚೌಕಟ್ಟಿನ ಗುಣವನ್ನು ಯಾವುದು ನಿರ್ಣಯಿಸುತ್ತದೆ? ಕೊಳವೆಯ ದಪ್ಪ. ಕೊಳವೆಯ ಗೋಡೆಯನ್ನು ಅಷ್ಟೇ ಇಟ್ಟು ವ್ಯಾಸವನ್ನು ಎರಡು ಪಟ್ಟು ಮಾಡಿದರೆ ತೂಕ ಎರಡು ಪಟ್ಟಾಗುತ್ತದೆ, ಬಿಗುವು ಮಾತ್ರ ಎಂಟು ಪಟ್ಟಾಗುತ್ತದೆ. ಅಲ್ಯುಮಿನಿಯಂ ಕೊಳವೆಯನ್ನು ಉಕ್ಕಿನದರ ಒಂದೂವರೆ ಪಟ್ಟು ದಪ್ಪ ಮಾಡಿದರೆ ಉಕ್ಕಿನಷ್ಟೇ, ಅದಕ್ಕಿಂತ ತುಸು ಹೆಚ್ಚೇ, ಬಿಗುವು ಬಂದು ತೂಕ ಅರ್ಧಕ್ಕೆ ಇಳಿಯುತ್ತದೆ. ಅಲಾಯ್ ಸೈಕಲ್ಲುಗಳ ಕೊಳವೆಗಳು ಬಾಳೆಯ ದಿಂಡಿನಂತೆ ದಪ್ಪಗಿರುವುದರ ಕಾರಣ ಇದೇ.

ಒಂದೇ ಲೋಹ, ಎರಡು ಹೆಸರು

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಸೈಕಲ್ಲಿನ ಇತಿಹಾಸದಲ್ಲಿಯೇ ಉಂಟು. ಫ್ರಾನ್ಸಿನಲ್ಲಿ ೧೯೭೯ರಲ್ಲಿ ವಿಟಸ್ ೯೭೯ ಎಂಬ ಚೌಕಟ್ಟು ಬಂದಿತು. ಅದು ಅಲ್ಯುಮಿನಿಯಮ್ಮಿನದು, ಆದರೆ ಕೊಳವೆಗಳ ವ್ಯಾಸ ಆ ಕಾಲದ ಉಕ್ಕಿನ ಕೊಳವೆಗಳಷ್ಟೇ. ಬೆಸುಗೆಯ ಬದಲು ಅಂಟು ಹಾಕಿ ಕೂಡಿಸಿದ್ದರು. ಅದನ್ನು ತುಳಿದವರೆಲ್ಲ ಬಳುಕುತ್ತದೆ, ಮೆತ್ತಗಿದೆ ಎಂದರು. ಹಾಗೆಂದು ಅದು ನಿಕೃಷ್ಟವೇನಲ್ಲ. ಐರ್ಲೆಂಡಿನ ಶಾನ್ ಕೆಲಿಯವರು ೧೯೮೪ರಲ್ಲಿ ಪ್ಯಾರಿಸ್–ರೂಬೆ ಪಂದ್ಯವನ್ನು ಗೆದ್ದದ್ದು ವಿಟಸ್ ಸೈಕಲ್ಲಿನ ಮೇಲೆಯೇ. ಉತ್ತರ ಫ್ರಾನ್ಸಿನ ಹಳೆಯ ಕಲ್ಲುಹಾಸಿನ ಹಾದಿಗಳ ಮೇಲೆ ನಡೆಯುವ ಈ ಪಂದ್ಯದ ಕಾಠಿಣ್ಯ ಲೋಕಪ್ರಸಿದ್ಧವಾದುದು.

ಅತ್ತ ಅಮೆರಿಕದಲ್ಲಿ ಗ್ಯಾರಿ ಕ್ಲೈನ್ ಎಂಬವರು ೧೯೭೦ರ ದಶಕದಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ನಾವು ಮೇಲೆ ಹೇಳಿದ ಲೆಕ್ಕವನ್ನು ಹಿಡಿದು ದಪ್ಪ ಕೊಳವೆಯ ಅಲ್ಯುಮಿನಿಯಂ ಚೌಕಟ್ಟುಗಳನ್ನು ಮಾಡತೊಡಗಿದರು. ೧೯೮೩ರಲ್ಲಿ ಕ್ಯಾನನ್‌ಡೇಲ್ ಕಂಪನಿ ಅಂಥವೇ ಸೈಕಲ್ಲುಗಳನ್ನು ಪೇಟೆಗೆ ತಂದಿತು. ಅವನ್ನು ತುಳಿದವರು ಬಿಗಿಯಾಗಿದೆ, ಬಡಿಯುತ್ತದೆ ಎಂದರು. ಅಲ್ಯುಮಿನಿಯಂ ಎಂದರೆ ಕಲ್ಲಿನ ಸವಾರಿ ಎಂಬ ಮಾತು ಬಲವಾದದ್ದು ಅಲ್ಲಿಂದ.

ಅದೇ ಲೋಹ ಫ್ರಾನ್ಸಿನಲ್ಲಿ ಮೆತ್ತಗೆ, ಅಮೆರಿಕದಲ್ಲಿ ಕಠಿಣ! ಹಾಗಾದರೆ ಗುಣ ಲೋಹದ್ದೆನ್ನುವುದು ಹೇಗೆ? ಅದು ಕೊಳವೆಯ ಅಳತೆಯದು, ಮಾಡಿದವನ ಉದ್ದೇಶದ್ದು. ಅದೂ ಹೆಚ್ಚಾಗಿ ಅಡ್ಡಕ್ಕೆ ಬಳುಕುವ ವಿಷಯದಲ್ಲಿ.

ಇನ್ನೊಂದು ಪರೀಕ್ಷೆಯನ್ನೂ ಹೇಳಬೇಕು. ೧೯೯೬ರಲ್ಲಿ ಬೈಸಿಕಲ್ ಗೈಡ್ ಎಂಬ ಅಮೆರಿಕದ ಮಾಸಪತ್ರಿಕೆಗಾಗಿ ಇಟಲಿಯ ಹೆಸರಾಂತ ಕುಶಲಿ ಆಂಟೋನಿಯೋ ಮೊಂಡೋನಿಕೋ ಅವರು ಏಳು ಸೈಕಲ್ಲುಗಳನ್ನು ಕಟ್ಟಿಕೊಟ್ಟರು. ಅಳತೆ, ಬಣ್ಣ ಒಂದೇ. ಕೊಳವೆಗಳು ಮಾತ್ರ ಕೊಲಂಬಸ್ ಕಂಪನಿಯ ಏಳು ಬೇರೆ ಬೇರೆ ದರ್ಜೆಯ ಉಕ್ಕಿನವು. ಅಗ್ಗದ್ದರಿಂದ ಹಿಡಿದು ಅತ್ಯಂತ ದುಬಾರಿಯದರವರೆಗೆ. ಯಾವುದು ಯಾವುದೆಂದು ತಿಳಿಸದೆ ಸವಾರಿ ಮಾಡಿಸಿದಾಗ, ಪಳಗಿದ ಸವಾರರಿಗೂ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಹೆಸರು ಓದಿದ ಮೇಲೆ ಬರುವ ಅನುಭವ ಬೇರೆ, ಹೆಸರು ಮುಚ್ಚಿದಾಗ ಬರುವ ಅನುಭವ ಬೇರೆ.

ಕಾರ್ಬನ್ ಎಂಬ ನೂಲು

ಕಾರ್ಬನ್ನಿನ ಮಾತು ನಮ್ಮ ಗಿರಣಿಯ ಬಂಧುಗಳಿಗೆ ಇತರರಿಗಿಂತ ಬೇಗ ಅರ್ಥವಾಗತಕ್ಕದ್ದು. ಏಕೆಂದರೆ ಅದು ಲೋಹವಲ್ಲ, ನೂಲು. ಸ್ವೆಟರಿನ ಅಕ್ರಿಲಿಕ್ ಉಣ್ಣೆಯ ಜಾತಿಯ ಎಳೆಯನ್ನೇ ಮೊದಲು ಹದವಾಗಿ ಕಾಯಿಸಿ, ಆಮೇಲೆ ಗಾಳಿ ತಾಗದಂತೆ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಸುಟ್ಟರೆ, ಉಳಿದುದೆಲ್ಲ ಹೋಗಿ ಇಂಗಾಲದ ಎಳೆ ನಿಲ್ಲುತ್ತದೆ. ಹತ್ತಿಯ ಎಳೆಗಿಂತಲೂ ಸಪೂರ. ಒಂದು ಮಿಲಿಮೀಟರಿನಲ್ಲಿ ನೂರೈವತ್ತು ಎಳೆಗಳನ್ನು ಒತ್ತಾಗಿ ಇಡಬಹುದು. ಇಂಥ ಸಾವಿರಾರು ಎಳೆಗಳನ್ನು ಕೂಡಿಸಿ, ಪಟ್ಟಿಯಾಗಿಯೋ ನೇಯ್ದ ಬಟ್ಟೆಯಾಗಿಯೋ ಮಾಡಿ, ಅಂಟಿನಲ್ಲಿ ತೋಯಿಸಿ, ಅಚ್ಚಿನೊಳಗೆ ಪದರ ಪದರವಾಗಿ ಇಟ್ಟು ಬೇಯಿಸುತ್ತಾರೆ.

ಬಟ್ಟೆಯನ್ನು ಹಾಸಿನ ಉದ್ದಕ್ಕೆ ಜಗ್ಗಿದರೆ ಒಂದು ಬಗೆ, ಮೂಲೆಯಿಂದ ಮೂಲೆಗೆ ಜಗ್ಗಿದರೆ ಇನ್ನೊಂದು ಬಗೆ ಎಂಬುದು ನಮಗೆ ಹೊಸದಲ್ಲ. ಕಾರ್ಬನ್ನಿನ ಹಿರಿಮೆ ಇಲ್ಲಿಯೇ ಇದೆ. ಪೆಡಲಿನ ಬಳಿ ಬಿಗುವು ಬೇಕೆಂದರೆ ಎಳೆಗಳನ್ನು ಒಂದು ದಿಕ್ಕಿಗೆ ಇಡುತ್ತಾರೆ. ಸೀಟಿನ ಕಂಬ ತುಸು ಬಾಗಬೇಕೆಂದರೆ ಇನ್ನೊಂದು ದಿಕ್ಕಿಗೆ. ಲೋಹದಲ್ಲಿ ಇದು ಸಾಧ್ಯವಿಲ್ಲ. ಆದುದರಿಂದ ಚೆನ್ನಾಗಿ ಯೋಚಿಸಿ ಮಾಡಿದ ಕಾರ್ಬನ್ ಫೋರ್ಕು ಮತ್ತು ಸೀಟಿನ ಕಂಬ ರಸ್ತೆಯ ಸಣ್ಣ ನಡುಕವನ್ನು ನಿಜವಾಗಿಯೂ ಅಷ್ಟಿಷ್ಟು ತಗ್ಗಿಸುತ್ತವೆ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಅದೇ ಕಾರ್ಬನ್ನಿನಿಂದ ಕಲ್ಲಿನಂತೆ ಬಡಿಯುವ ಸೈಕಲ್ಲನ್ನೂ ಮಾಡಬಹುದು, ಮಾಡಿದ್ದೂ ಉಂಟು.

ಪಂದ್ಯದ ಸವಾರರು ಕಾರ್ಬನ್ನಿಗೆ ಹೋದುದು ಮುಖ್ಯವಾಗಿ ಹಗುರಿಗಾಗಿ ಮತ್ತು ಬೇಕಾದ ಆಕಾರಕ್ಕಾಗಿ. ಟೂರ್ ದ ಫ್ರಾನ್ಸ್ ಪಂದ್ಯವನ್ನು ೧೯೯೪ರಲ್ಲಿ ಮಿಗೆಲ್ ಇಂದುರಾಯಿನ್ ಉಕ್ಕಿನ ಸೈಕಲ್ಲಿನ ಮೇಲೆಯೇ ಗೆದ್ದಿದ್ದರು. ೧೯೯೮ರಲ್ಲಿ ಮಾರ್ಕೊ ಪಂತಾನಿ ಗೆದ್ದದ್ದು ಅಲ್ಯುಮಿನಿಯಮ್ಮಿನ ಮೇಲೆ. ಅಲ್ಲಿಂದೀಚೆಗೆ ಕಾರ್ಬನ್ನಿನ ಆಳಿಕೆ. ಸೈಕಲ್ಲು ಹಗುರಾಗುತ್ತ ಹೋದುದನ್ನು ಕಂಡು ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ೬.೮ ಕಿಲೋಗಿಂತ ಕಡಿಮೆ ತೂಕದ ಸೈಕಲ್ಲು ಪಂದ್ಯಕ್ಕೆ ಸಲ್ಲದೆಂದು ೨೦೦೦ದಲ್ಲಿ ನಿಯಮ ಮಾಡಿತು.

ಟೈಟಾನಿಯಮ್ಮಿನ ವಿಷಯ ಎರಡೇ ಮಾತಿನಲ್ಲಿ ಮುಗಿಸಬಹುದು. ಅದಕ್ಕೆ ತುಕ್ಕಿಲ್ಲ, ಬಾಳಿಕೆ ಬಹಳ. ಆದರೆ ಗಾಳಿ ಸೋಕದಂತೆ ಆರ್ಗಾನ್ ಅನಿಲದ ಆಸರೆಯಲ್ಲಿ ಬೆಸೆಯಬೇಕಾಗುವುದರಿಂದ ಬೆಲೆ ನಮ್ಮಂಥವರ ಕೈಗೆ ಎಟುಕುವುದಿಲ್ಲ.

ನಮ್ಮ ಕೈ ಮುರಿದ ಕಥೆ

ವಸ್ತುವಿನ ಭೇದ ನಿಜವಾಗಿಯೂ ಕಾಣುವುದು ಸುಖದಲ್ಲಿ ಅಲ್ಲ, ಸೈಕಲ್ಲು ಹಳತಾದಾಗ. ಉಕ್ಕಿಗೂ ಟೈಟಾನಿಯಮ್ಮಿಗೂ ಒಂದು ಮಿತಿ ಉಂಟು: ಆ ಮಿತಿಯೊಳಗಿನ ಭಾರ ಎಷ್ಟು ಸಲ ಬಿದ್ದರೂ ಅವು ದಣಿಯುವುದಿಲ್ಲ. ಅಲ್ಯುಮಿನಿಯಮ್ಮಿಗೆ ಅಂಥ ಮಿತಿಯಿಲ್ಲ. ಸಣ್ಣ ಸಣ್ಣ ಭಾರಗಳೂ ಲಕ್ಷಾಂತರ ಸಲ ಬಿದ್ದರೆ ಎಂದಾದರೊಂದು ದಿನ ಅದು ಬಿರುಕು ಬಿಡಬಲ್ಲುದು. ಈ ಕಾರಣದಿಂದಲೂ ಒಳ್ಳೆಯ ತಯಾರಕರು ಕೊಳವೆಯನ್ನು ದಪ್ಪವಾಗಿ ಮಾಡಿ ಆ ದಿನವನ್ನು ಬಹು ದೂರ ತಳ್ಳಿರುತ್ತಾರೆ. ಆದರೆ ಸೆಕೆಂಡ್ ಹ್ಯಾಂಡ್ ಸೈಕಲ್ಲು ಎಷ್ಟು ದೂರ ಬಂದಿದೆಯೆಂದು ನಮಗೆ ಹೇಗೆ ತಿಳಿಯಬೇಕು?

ಎಂಟು ವರ್ಷಗಳ ಕೆಳಗೆ ನಾವು ಒಂದು ಹಳೆಯ ಅಲಾಯ್ ಸೈಕಲ್ಲನ್ನು ಅಗ್ಗವೆಂದು ಕೊಂಡೆವು. ಹ್ಯಾಂಡಲಿನ ಕೆಳಗೆ, ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಒಂದು ಗೀರು ಇತ್ತು. ಬಣ್ಣ ಕೆರೆದಿರಬೇಕೆಂದು ಬಿಟ್ಟೆವು. ನಾಲ್ಕು ತಿಂಗಳಲ್ಲಿ ಗೀರು ಒಂದು ಅಂಗುಲವಾಯಿತು; ಆಗಲೂ ನಮಗೆ ಬುದ್ಧಿ ಬರಲಿಲ್ಲ. ಒಂದು ಮುಂಜಾನೆ ಮೊದಲ ಪಾಳಿಯ ಹೊತ್ತಿಗೆ ಇಳಿಜಾರಿನಲ್ಲಿ ಬರುತ್ತಿರುವಾಗ ಚೌಕಟ್ಟು ಅಲ್ಲಿಯೇ ಬಾಯಿ ಬಿಟ್ಟಿತು. ಹಿಂದೆ ಬರುತ್ತಿದ್ದ ಟೆಂಪೋದವನು ಬ್ರೇಕು ಹಾಕಿದ್ದರಿಂದ ಈ ಲೇಖನ ಬರೆಯಲು ಉಳಿದೆವು. ಮಣಿಕಟ್ಟು ಮುರಿದು ಐದು ವಾರ ಮನೆಯಲ್ಲಿ ಕುಳಿತೆವು. ಪಗಾರ ಅರ್ಧ ಬಂದಿತು. ಇದರಲ್ಲಿ ಲೋಹದ ದೋಷಕ್ಕಿಂತ ಕಂಡೂ ಕಾಣದಂತಿದ್ದ ನಮ್ಮ ದೋಷವೇ ದೊಡ್ಡದು.

ಕಾರ್ಬನ್ನು ದಣಿಯುವುದು ಕಡಿಮೆ. ಆದರೆ ಒಂದು ಕಲ್ಲಿನ ಪೆಟ್ಟು, ಗಾಡಿಯಿಂದ ಒಂದು ಬೀಳುವಿಕೆ ಅದರ ಒಳಪದರಗಳನ್ನು ಬಿಡಿಸಿದರೂ ಹೊರಗೆ ಏನೂ ಕಾಣದೆ ಇರಬಹುದು. ಉಕ್ಕು ಹಾಗಲ್ಲ. ಅದು ಸಾಮಾನ್ಯವಾಗಿ ಮುರಿಯುವ ಮೊದಲು ಬಾಗಿ ತಿಳಿಸುತ್ತದೆ, ಮುರಿದರೆ ಗ್ಯಾಸ್ ಬೆಸುಗೆ ಬಲ್ಲ ಮಿಸ್ತ್ರಿ ಊರೂರಿಗೆ ಸಿಗುತ್ತಾನೆ. ಅದರ ಶತ್ರು ತುಕ್ಕು ಒಂದೇ.

ಗೆಳೆಯರ ಸೈಕಲ್ಲಿಗೆ ಮಾಡಿದ ಉಪಾಯ

ವಾರ ಕಳೆದು ಗೆಳೆಯರು ಬಂದಾಗ ಮೊದಲು ಅವರ ಸೈಕಲ್ಲನ್ನೇ ನೋಡಿದೆವು. ಟೈರು ೨೫ ಮಿಲಿಮೀಟರಿನದು. ಪಂಕ್ಚರ್ ಅಂಗಡಿಯವನು ಯಂತ್ರದ ಗಾಳಿಯನ್ನು ೧೧೦ ಪೌಂಡಿನವರೆಗೆ ತುಂಬಿದ್ದನು. ಬೆರಳಿನಿಂದ ಒತ್ತಿದರೆ ಕಲ್ಲು ಒತ್ತಿದಂತೆ! ಅವರ ತೂಕ, ಸೈಕಲ್ಲಿನ ತೂಕ, ಊಟದ ಡಬ್ಬಿ ಸೇರಿ ಸುಮಾರು ೭೫ ಕಿಲೋ. ಇಷ್ಟು ಒತ್ತಡದಲ್ಲಿ ಎರಡೂ ಟೈರು ಕೂಡಿ ನೆಲ ಮುಟ್ಟುವ ಜಾಗ ಹತ್ತು ಚದರ ಸೆಂಟಿಮೀಟರಿನ ಆಸುಪಾಸು. ಅದನ್ನೇ ೭೫ ಪೌಂಡಿಗೆ ಇಳಿಸಿದರೆ ಹದಿನಾಲ್ಕು ಚದರ ಸೆಂಟಿಮೀಟರಿನಷ್ಟಾಗುತ್ತದೆ. ಗಾದಿ ಅಷ್ಟು ಮೆತ್ತಗಾಯಿತೆಂದು ಅರ್ಥ.

ಆದರೆ ಟೈರು ತೆಳುವಿದ್ದು ಗಾಳಿ ತೀರ ಕಡಿಮೆಯಾದರೆ, ಹೊಂಡದ ಅಂಚಿಗೆ ಬಡಿದಾಗ ರಿಮ್ಮು ಟ್ಯೂಬನ್ನು ಕಚ್ಚಿ ಅಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ಆದುದರಿಂದ ಟೈರನ್ನೂ ಅಗಲ ಮಾಡಬೇಕು. ಅವರ ಚೌಕಟ್ಟಿನಲ್ಲಿ ಜಾಗ ಅಳೆದು ೨೮ ಮಿಲಿಮೀಟರಿನ ಟೈರು ಹಾಕಿಸಿದೆವು. ಮೂರು ಮಿಲಿಮೀಟರೇ ಹೆಚ್ಚಾದರೂ ಒಳಗಿನ ಗಾಳಿ ಕಾಲು ಭಾಗ ಹೆಚ್ಚುತ್ತದೆ. ಹಿಂದೆ ೭೫ ಪೌಂಡು, ಮುಂದೆ ೬೮ ಇಟ್ಟೆವು. ಭಾರ ಹೆಚ್ಚು ಬೀಳುವುದು ಹಿಂದಿನ ಗಾಲಿಯ ಮೇಲೆ.

“ಗಾಳಿ ಕಡಿಮಿ ಆದ್ರ ತುಳಿಯಾಕ ಭಾರ ಆಗೂದಿಲ್ಲೇನ್ರಿ?” ಎಂದು ಅವರು ಕೇಳಿದರು. ಗಾಜಿನಂಥ ನಯವಾದ ನೆಲದ ಮೇಲೆ ಅದು ಅಷ್ಟಿಷ್ಟು ನಿಜ. ಒರಟು ರಸ್ತೆಯ ಮೇಲೆ ಕಲ್ಲಿನಂಥ ಟೈರು ಪ್ರತಿಯೊಂದು ಹರಳಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಿಹಾಕುತ್ತದೆ. ಹಾಗೆ ಎತ್ತುವ ಶಕ್ತಿ ನಮ್ಮ ಕಾಲಿನದೇ; ಅದು ಮೈಯನ್ನು ನಡುಗಿಸುವುದರಲ್ಲಿ ಹಾಳಾಗುತ್ತದೆ. ಒಂದು ಕಾಲಕ್ಕೆ ೨೩ ಮಿಲಿಮೀಟರಿನ ಟೈರು ಬಳಸುತ್ತಿದ್ದ ಪಂದ್ಯದ ಸವಾರರು ಇಂದು ೨೮ ಮತ್ತು ಅದಕ್ಕೂ ಅಗಲದ ಟೈರಿಗೆ, ಪ್ಯಾರಿಸ್–ರೂಬೆಯ ಕಲ್ಲುಹಾಸಿಗೆ ೩೦ ಮೀರಿದ ಟೈರಿಗೆ ಬಂದಿದ್ದಾರೆ. ಹಣಕ್ಕೆ ಕೊರತೆಯಿಲ್ಲದ, ಉತ್ತಮ ಕಾರ್ಬನ್ ಚೌಕಟ್ಟುಗಳುಳ್ಳ ಅವರೇ ಸುಖವನ್ನೂ ವೇಗವನ್ನೂ ಟೈರಿನಲ್ಲಿ ಹುಡುಕುತ್ತಿದ್ದಾರೆ ಎಂದಮೇಲೆ ನಾವು ಬೇರೆ ಹೇಳತಕ್ಕದ್ದೇನು? ಬೆಲ್‌ಫಾಸ್ಟಿನಲ್ಲಿ ೧೮೮೯ರಲ್ಲಿ ಕಂಡ ಸತ್ಯವೇ ಇದು.

ಆಮೇಲೆ ಹ್ಯಾಂಡಲನ್ನು ಎರಡು ಬೆರಳಿನಷ್ಟು ಎತ್ತರಿಸಿದೆವು. ಸೀಟು ತೀರ ಹಿಂದಕ್ಕೆ ಇತ್ತು, ಮುಂದಕ್ಕೆ ತಂದೆವು. ಪೆಡಲು ಕೆಳಗಿದ್ದಾಗ ಮೊಣಕಾಲು ತುಸುವೇ ಬಾಗಿರುವಂತೆ ಎತ್ತರವನ್ನು ಸರಿಪಡಿಸಿದೆವು. ನಡುವಿನ ನೋವಿಗೆ ರಸ್ತೆಯಷ್ಟೇ ಈ ಅಳತೆಗಳೂ ಕಾರಣ. ಚೌಕಟ್ಟಿನಲ್ಲಿಯೂ ಸುಖಕ್ಕೆ ಸಂಬಂಧಪಟ್ಟುದು ವಸ್ತುವಿಗಿಂತ ಹೆಚ್ಚಾಗಿ ಅಳತೆಯೇ. ಎರಡು ಗಾಲಿಗಳ ನಡುವಿನ ಅಂತರ ಹೆಚ್ಚಿದ್ದು, ಸವಾರನು ಹಿಂದಿನ ಗಾಲಿಯ ನೇರ ಮೇಲೆ ಕುಳಿತುಕೊಳ್ಳದಿದ್ದರೆ ಧಕ್ಕೆ ಕಡಿಮೆ. ನಮ್ಮ ಹಿರಿಯರು ತುಳಿದ ಕರಿಯ ದೊಡ್ಡ ಸೈಕಲ್ಲು ಇಪ್ಪತ್ತು ಕಿಲೋದ ಆಸುಪಾಸು ತೂಗಿದರೂ ಮೈಗೆ ಸುಖವಾಗಿದ್ದುದು ಉದ್ದದ ಅಳತೆ, ಅಗಲ ಟೈರು, ಸ್ಪ್ರಿಂಗಿನ ಸೀಟುಗಳಿಂದಲೇ.

ಖರ್ಚು ಟೈರು ಟ್ಯೂಬು ಮಿಸ್ತ್ರಿ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಹದಿನೈದು ದಿನಗಳ ಮೇಲೆ ಬಂದು, ನೋವು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಹತ್ತುತ್ತಿದೆ ಎಂದರು. ದವಾಖಾನೆಗೂ ಒಮ್ಮೆ ತೋರಿಸಿರೆಂದು ಹೇಳಿದ್ದೇವೆ. ಎಲ್ಲ ನೋವೂ ಸೈಕಲ್ಲಿನದೇ ಎನ್ನಲಾಗದು. ಭಿಶಿಯ ಹಣ ಊರಿಗೆ ಹೋಗಿದೆ. “ಆದ್ರೂ ಅಣ್ಣಾರ, ಆ ಹಗರ ಸೈಕಲ್ಲ ಒಂದ ಬೆರಳಲೆ ಎತ್ತಿ ನೋಡಿದ್ನಲ್ರಿ, ಅದು ಮನಸಿನ್ಯಾಗ ಐತ್ರಿ” ಎಂದು ನಕ್ಕರು. ಅದೂ ಸುಳ್ಳಲ್ಲ. ಹಗುರು ಸೈಕಲ್ಲಿನ ಮೇಲೆ ಏರು ಹತ್ತುವುದು ಒಂದು ಸಂತೋಷ. ಕೈಯಲ್ಲಿ ಅನುಕೂಲವಿದ್ದವರು ಆ ಸಂತೋಷಕ್ಕಾಗಿ ಕೊಳ್ಳಲಿ. ನಡುವಿನ ಔಷಧಿಯೆಂದು ಕೊಳ್ಳುವುದು ಬೇಡ.

ಹಳೆಯ ಸೈಕಲ್ಲು ಕೊಳ್ಳುವವರಿಗೆ

(೧) ಜೇಬಿನಲ್ಲಿ ಒಂದು ಅಯಸ್ಕಾಂತ ಒಯ್ಯಿರಿ. ಉಕ್ಕಿಗೆ ಅಂಟುತ್ತದೆ, ಅಲ್ಯುಮಿನಿಯಂ, ಟೈಟಾನಿಯಂ, ಕಾರ್ಬನ್ನಿಗೆ ಅಂಟುವುದಿಲ್ಲ. ಕಾರ್ಬನ್ನಿನ ನೇಯ್ಗೆಯ ಚಿತ್ರದ ಕಾಗದ ಅಂಟಿಸಿದ ಮಾತ್ರಕ್ಕೆ ಅಲಾಯ್ ಕಾರ್ಬನ್ನಾಗದು. ಬೆರಳಿನಿಂದ ತಟ್ಟಿದರೆ ಸದ್ದೇ ಹೇಳುತ್ತದೆ.

(೨) ಸೈಕಲ್ಲನ್ನು ತೊಳೆಸಿ, ಹಗಲು ಬೆಳಕಿನಲ್ಲಿ ಬೆಸುಗೆಗಳನ್ನೂ ಹ್ಯಾಂಡಲಿನ ಕೆಳಭಾಗವನ್ನೂ ಪೆಡಲಿನ ಕೂಡುಸ್ಥಳವನ್ನೂ ನೋಡಿರಿ. ಕೂದಲೆಳೆಯ ಗೀರು ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿರಿ.

(೩) ಕಾರ್ಬನ್ನಿನ ಮೇಲೆ ಹತ್ತಿಯ ತುಣುಕನ್ನು ಎಳೆಯಿರಿ. ಎಲ್ಲಿಯಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋದಾಗ ಒಂದು ಕಡೆ ಸದ್ದು ಮಂಕಾದರೆ ಒಳಪದರ ಬಿಟ್ಟಿರುವ ಸಂಶಯ.

(೪) ಉಕ್ಕಾದರೆ ಸೀಟಿನ ಕಂಬವನ್ನು ಹೊರಗೆ ತೆಗೆಸಿ ಒಳಗೆ ತುಕ್ಕು ನೋಡಿರಿ. ಕಂಬ ಬಾರದಿದ್ದರೆ ಕೊಳ್ಳಬೇಡ.

(೫) ಎಲ್ಲಕ್ಕೂ ಮೊದಲು, ಅಳತೆ ನಿಮ್ಮ ಮೈಗೆ ಒಪ್ಪುತ್ತದೆಯೋ, ೨೮ ಮಿಲಿಮೀಟರಿನ ಟೈರಾದರೂ ಹಿಡಿಸುತ್ತದೆಯೋ ನೋಡಿರಿ.

ಕಡೆಯದಾಗಿ ಒಂದು ಅರಿಕೆ. ಒತ್ತಡ ತೋರಿಸುವ ಗಡಿಯಾರವುಳ್ಳ ಪಂಪೊಂದನ್ನು ಸದಸ್ಯರ ವಂತಿಗೆಯಿಂದ ತಂದು ವಾಚನಾಲಯದ ಪಡಸಾಲೆಯಲ್ಲಿ ಇಟ್ಟಿದ್ದೇವೆ. ಹಳೆಯ ಬಗೆಯ ಸಣ್ಣ ರಬ್ಬರು ಕೊಳವೆಯ ವಾಲ್ವಿದ್ದರೆ ಒಳಗಿನ ಒತ್ತಡ ಸರಿಯಾಗಿ ತಿಳಿಯುವುದಿಲ್ಲ. ಅಂಥವರು ಮುಂದಿನ ಸಲ ಟ್ಯೂಬು ಬದಲಿಸುವಾಗ ಮೋಟರ್ ಸೈಕಲ್ಲಿನಂಥ ದಪ್ಪ ವಾಲ್ವಿನದನ್ನು, ರಿಮ್ಮಿನ ತೂತು ಹಿಡಿಸಿದರೆ, ಹಾಕಿಸಬಹುದು. ಯಾರು ಬೇಕಾದರೂ ಪಂಪನ್ನು ಬಳಸಬಹುದು, ಶುಲ್ಕವಿಲ್ಲ. ಬಳಸಿದ ಮೇಲೆ ಮತ್ತೆ ಅದರ ಗೂಟಕ್ಕೆ ತೂಗುಹಾಕಿ ಹೋಗಬೇಕೆಂದು ಮಾತ್ರ ವಿನಂತಿಸುತ್ತೇವೆ.